ಏಡಿ ಸಾಯಲಿಲ್ಲ ಎಂದರೆ ನೀರು ಶುದ್ಧ ಎಂದಲ್ಲ: ಅಳಿವೆಯ ಏಡಿ, ಶೆಟ್ಲಿಗಳ ಜೀವಕೋಶದೊಳಗೆ ಲೋಹ ಏನಾಗುತ್ತದೆ?

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೈತಖೋಲ, ತದಡಿ, ಹೊನ್ನಾವರಗಳಲ್ಲಿ ಬೋಟುಗಳು ದಡ ಸೇರಿದ ಆ ಎರಡು ತಿಂಗಳು ಉತ್ತರ ಕನ್ನಡದ ಮೀನುಪೇಟೆಗೆ ದೊಡ್ಡ ಆಸರೆ ಎಂದರೆ ಹೊಳೆ ಮತ್ತು ಅಳಿವೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳ ಏಡಿ, ಶೆಟ್ಲಿ (ಸಿಗಡಿ)ಗಳಿಗೆ ಆಗ ಬೇಡಿಕೆ ಏರುತ್ತದೆ. ಅದೇ ಹೊತ್ತಿಗೆ ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಅಡಿಕೆ ತೋಟಗಳಲ್ಲಿ ಕೊಳೆ ರೋಗಕ್ಕೆ ತಾಮ್ರವಿರುವ ಬೋರ್ಡೋ ದ್ರಾವಣದ ಸಿಂಪಡಣೆ ನಡೆಯುತ್ತಿರುತ್ತದೆ. ಅದೇ ಹೊತ್ತಿಗೆ ಮಳೆನೀರು ನುಗ್ಗಿ ಅಳಿವೆಯ ಉಪ್ಪು ಇಳಿದು ನೀರು ಸಪ್ಪೆಯಾಗುತ್ತದೆ. ಹೊಳೆಗೆ ಲೋಹ ಇಳಿಯುವ ಕಾಲ, ಏಡಿಯ ದೇಹ ಅದನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವ ಕಾಲ, ನಾವು ಅದನ್ನು ಹೆಚ್ಚು ತಿನ್ನುವ ಕಾಲ ಒಂದೇ ಆಗಿರುವುದು ನಮ್ಮ ಕರಾವಳಿಯ ವಿಶೇಷ.

ಮಾಲಿನ್ಯದ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಎದುರಾಗುತ್ತದೆ: ನೀರಿನಲ್ಲಿ ವಿಷವಿದ್ದರೆ ಏಡಿ ಸಾಯಬೇಕಿತ್ತಲ್ಲ? ನ್ಯಾಯವಾದ ಪ್ರಶ್ನೆ. ಉತ್ತರ ಇರುವುದು ಏಡಿಯ ಜೀವಕೋಶದಲ್ಲಿ. ಒಳಬಂದ ಲೋಹವನ್ನು ಹಿಡಿದು, ಕಟ್ಟಿ, ಅಪಾಯವಿಲ್ಲದ ಕಡೆ ಇಡುವ ವ್ಯವಸ್ಥೆ ಅದಕ್ಕಿದೆ. ಆದರೆ ಲೋಹ ಮೂಲಧಾತು. ಕೀಟನಾಶಕದಂತೆ ಒಡೆದು ನಿರುಪದ್ರವಿಯಾಗುವಂಥದ್ದಲ್ಲ. ಏಡಿ ತನ್ನನ್ನು ಉಳಿಸಿಕೊಳ್ಳುವುದು ಲೋಹವನ್ನು ಇಲ್ಲವಾಗಿಸಿ ಅಲ್ಲ, ದೇಹದ ಒಂದು ಜಾಗದಲ್ಲಿ ಬಂಧಿಸಿಟ್ಟು. ಆ ಜಾಗವನ್ನು ಬಿಟ್ಟು ಬೇರೆಲ್ಲೋ ಅಳೆದು ‘ಎಲ್ಲ ಸರಿಯಿದೆ’ ಎನ್ನುವುದು ಸುಲಭ.

ಒಳಬರುವ ದಾರಿ

ದಾರಿ ಎರಡು: ನೀರಿನಿಂದ ಕಿವಿರಿನ ಮೂಲಕ, ಆಹಾರದಿಂದ ಕರುಳಿನ ಮೂಲಕ. ತಾಮ್ರ, ಸತುಗಳಿಗೆ ಜೀವಕೋಶದ ಪೊರೆಯಲ್ಲಿ ತಮ್ಮದೇ ಸಾಗಣೆ ಪ್ರೋಟೀನುಗಳಿವೆ. ಅವು ಏಡಿಗೆ ಬೇಕೇ ಬೇಕಾದ ಲೋಹಗಳು. ಏಡಿಯ ರಕ್ತದಲ್ಲಿ ಆಮ್ಲಜನಕ ಹೊರುವುದು ಕಬ್ಬಿಣದ ಹಿಮೋಗ್ಲೋಬಿನ್ ಅಲ್ಲ, ತಾಮ್ರದ ಹಿಮೋಸಯಾನಿನ್. ಒಂದು ಆಮ್ಲಜನಕ ಅಣುವನ್ನು ಹಿಡಿಯಲು ಎರಡು ತಾಮ್ರದ ಪರಮಾಣು ಬೇಕು. ಸತುವಿಲ್ಲದೆ ಹತ್ತಾರು ಕಿಣ್ವಗಳು ಕೆಲಸ ಮಾಡುವುದಿಲ್ಲ.

ಕ್ಯಾಡ್ಮಿಯಂಗೆ ಏಡಿಯ ದೇಹದಲ್ಲಿ ಗೊತ್ತಿರುವ ಯಾವ ಕೆಲಸವೂ ಇಲ್ಲ. ಅದು ನುಸುಳುವುದು ಕ್ಯಾಲ್ಸಿಯಂನ ಬಾಗಿಲಿನಿಂದ. ಎರಡರ ಅಯಾನುಗಳ ಗಾತ್ರ ಹೆಚ್ಚುಕಡಿಮೆ ಒಂದೇ, ವಿದ್ಯುದಂಶವೂ ಒಂದೇ. ಕ್ಯಾಲ್ಸಿಯಂ ನಾಳಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಸೀಸವೂ ಕ್ಯಾಲ್ಸಿಯಂನ ಬೆನ್ನು ಹತ್ತಿ ಬಂದು ಹೆಚ್ಚಿನ ಪಾಲು ಚಿಪ್ಪಿನಲ್ಲಿ ಸೇರುತ್ತದೆ. ಹೀಗಾಗಿ ಏಡಿ ಹಳೆಯ ಚಿಪ್ಪು ಕಳಚಿದ ಮೇಲಿನ ದಿನಗಳು ಬಲು ನಾಜೂಕು. ಹೊಸ ಚಿಪ್ಪು ಗಟ್ಟಿಯಾಗಲು ಏಡಿ ನೀರಿನಿಂದ ಕ್ಯಾಲ್ಸಿಯಂ ಎಳೆದುಕೊಳ್ಳುತ್ತಿರುವಾಗ ಅದರೊಟ್ಟಿಗೆ ಕ್ಯಾಡ್ಮಿಯಂಗೂ ದಾರಿ ತೆರೆದಿರುತ್ತದೆ.

ಇನ್ನು ಉಪ್ಪಿನ ಮಾತು. ಪೂರ್ಣ ಕಡಲನೀರಿನಲ್ಲಿ ಕ್ಯಾಡ್ಮಿಯಂನ ಶೇ. 90ಕ್ಕೂ ಹೆಚ್ಚು ಪಾಲು ಕ್ಲೋರೈಡಿನೊಂದಿಗೆ ಕಟ್ಟಿಕೊಂಡಿರುತ್ತದೆ. ಪೊರೆ ದಾಟಬಲ್ಲ ಬಿಡಿ ಅಯಾನು ಬಹಳ ಕಡಿಮೆ. ಉಪ್ಪು ಇಳಿದಂತೆ ಕ್ಲೋರೈಡಿನ ಹಿಡಿತ ಸಡಿಲವಾಗಿ ಬಿಡಿ ಅಯಾನಿನ ಪಾಲು ಏರುತ್ತದೆ. ಒಟ್ಟು ಕ್ಯಾಡ್ಮಿಯಂ ಒಂದು ಚೂರೂ ಹೆಚ್ಚದಿದ್ದರೂ ಜುಲೈ ತಿಂಗಳ ಕೋಡಿಬಾಗದ (ಕಾಳಿ ಅಳಿವೆಯ) ನೀರು ಏಪ್ರಿಲ್ ತಿಂಗಳ ನೀರಿಗಿಂತ ಏಡಿಗೆ ಬೇರೆಯೇ ಆಗಿರುತ್ತದೆ. ಸಪ್ಪೆ ನೀರಿನಲ್ಲಿ ದೇಹದ ಉಪ್ಪು ಕಾಪಾಡಲು ಕಿವಿರಿನ ಸೋಡಿಯಂ-ಪೊಟ್ಯಾಸಿಯಂ ಪಂಪುಗಳು ದುಪ್ಪಟ್ಟು ದುಡಿಯಬೇಕು. ತಾಮ್ರ ಹೆಚ್ಚಾದರೆ ಮೊದಲು ಕೆಡುವುದು ಇದೇ ಪಂಪುಗಳು. ತಾಮ್ರದ ತೀವ್ರ ವಿಷದಲ್ಲಿ ಏಡಿ, ಶೆಟ್ಲಿಗಳು ಸಾಯುವುದು ಬಹುಪಾಲು ಕಿವಿರು ಕೆಟ್ಟು, ಉಪ್ಪಿನ ಸಮತೋಲ ತಪ್ಪಿ.

ಇದಕ್ಕೆ ತಡೆಗಳೂ ಇವೆ, ಅವನ್ನೂ ಹೇಳಬೇಕು. ಕಾಡಿನ ತರಗೆಲೆ ಕೊಳೆತು ಬರುವ ಕಂದು ನೀರಿನ ಹ್ಯೂಮಿಕ್ ಆಮ್ಲಗಳು ತಾಮ್ರವನ್ನು ಗಟ್ಟಿಯಾಗಿ ಹಿಡಿಯುತ್ತವೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕಪ್ಪು ಕೆಸರಿನಲ್ಲಿರುವ ಸಲ್ಫೈಡು ತಾಮ್ರ, ಕ್ಯಾಡ್ಮಿಯಂ, ಸೀಸಗಳನ್ನು ಕರಗದ ರೂಪದಲ್ಲಿ ಕಟ್ಟಿಹಾಕುತ್ತದೆ. ಆ ಕೆಸರನ್ನು ಹೂಳೆತ್ತಿ ಕದಡಿದಾಗ, ಅಥವಾ ಗಜನಿಯ (ಅಳಿವೆಯಂಚಿನ ಉಪ್ಪುನೀರಿನ ಗದ್ದೆಯ) ಕಟ್ಟೆಗೆ ಎತ್ತಿ ಹಾಕಿ ಒಣಗಲು ಬಿಟ್ಟಾಗ ಸಲ್ಫೈಡು ಗಾಳಿಯ ಆಮ್ಲಜನಕಕ್ಕೆ ಸಿಕ್ಕು ಆಮ್ಲವಾಗುತ್ತದೆ, ಕಟ್ಟಿದ್ದ ಲೋಹ ಬಿಡುಗಡೆಯಾಗುತ್ತದೆ. ಕಾಂಡ್ಲಾ ಕಡಿದರೆ ಮೀನಿನ ಮರಿಗಳಿಗೆ ನೆಲೆ ತಪ್ಪುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದರ ಬುಡದ ಕೆಸರು ಲೋಹಕ್ಕೆ ಹಾಕಿದ ಬೀಗ ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಹಳದಿ ಗ್ರಂಥಿಯೊಳಗೆ

ಏಡಿಯ ಬೆನ್ನಚಿಪ್ಪು ಎತ್ತಿದರೆ ಎರಡೂ ಪಕ್ಕದಲ್ಲಿ ಹಳದಿ-ಕಂದು, ಕೆಲವೊಮ್ಮೆ ಹಸಿರು ಛಾಯೆಯ ಮೆತ್ತನೆಯ ಮುದ್ದೆ ಕಾಣುತ್ತದೆ. ಅದು ಹೆಪಟೋಪ್ಯಾಂಕ್ರಿಯಾಸ್, ನಮ್ಮ ಯಕೃತ್ತು ಮತ್ತು ಮೇದೋಜೀರಕ ಗ್ರಂಥಿ ಎರಡರ ಕೆಲಸವನ್ನೂ ಮಾಡುವ ಅಂಗ. ಹೆಣ್ಣೇಡಿಯಲ್ಲಿ ಅದರ ಪಕ್ಕದಲ್ಲೇ ಕೇಸರಿ ಬಣ್ಣದ, ಬೇಯಿಸಿದಾಗ ಗಟ್ಟಿಯಾಗುವ ಅಂಡಾಶಯ ಇರುತ್ತದೆ. ತಿನ್ನುವಾಗ ಎರಡನ್ನೂ ಒಂದೇ ಎಂದು ತಿಳಿಯುವುದುಂಟು, ಆದರೆ ಲೋಹ ಕೂಡಿಕೊಳ್ಳುವ ಮುಖ್ಯ ಜಾಗ ಹಳದಿ ಮುದ್ದೆ.

ಈ ಗ್ರಂಥಿ ಎಂದರೆ ಒಂದು ತುದಿ ಮುಚ್ಚಿದ ಸಾವಿರಾರು ಸಣ್ಣ ನಳಿಕೆಗಳ ಗೊಂಚಲು. ಮುಚ್ಚಿದ ತುದಿಯಲ್ಲಿ ಹೊಸ ಕೋಶಗಳು ಹುಟ್ಟುತ್ತವೆ; ಇವು ಇ-ಕೋಶಗಳು. ಅವು ಬೆಳೆಯುತ್ತ ಜಠರದ ಕಡೆಗೆ ಸರಿಯುತ್ತ ಬೇರೆ ಬೇರೆ ಕೆಲಸ ಹಿಡಿಯುತ್ತವೆ: ಎಫ್-ಕೋಶಗಳು ಜೀರ್ಣರಸ ತಯಾರಿಸುತ್ತವೆ, ಆರ್-ಕೋಶಗಳು ಪೋಷಕಾಂಶ ಹೀರಿ ಕೊಬ್ಬು, ಗ್ಲೈಕೋಜೆನ್ ಕೂಡಿಡುತ್ತವೆ, ಬಿ-ಕೋಶಗಳು ದೊಡ್ಡ ಗುಳ್ಳೆ ಹೊತ್ತು ಕೊನೆಗೆ ಅದನ್ನು ನಳಿಕೆಯೊಳಗೆ ಸುರಿಯುತ್ತವೆ. ಲೋಹದ ಕಥೆಯಲ್ಲಿ ಮುಖ್ಯ ಪಾತ್ರ ಆರ್-ಕೋಶದ್ದು.

ಕೋಶದೊಳಗೆ ಬಂದ ಕ್ಯಾಡ್ಮಿಯಂ ಅಥವಾ ಹೆಚ್ಚುವರಿ ತಾಮ್ರ ಮೊದಲು ಎದುರಾಗುವುದು ಗ್ಲುಟಾಥಯೋನ್ ಎಂಬ ಸಣ್ಣ ಗಂಧಕಯುಕ್ತ ಅಣುವಿಗೆ. ಅದು ತಾತ್ಕಾಲಿಕ ಹಿಡಿತ. ನಿಜವಾದ ಬಂಧನ ಮೆಟಲೋಥಯೋನಿನ್ ಎಂಬ ಪ್ರೋಟೀನಿನದು. ಇದು ಮೊದಲು ಪತ್ತೆಯಾದದ್ದು 1957ರಲ್ಲಿ, ಕುದುರೆಯ ಮೂತ್ರಪಿಂಡದಲ್ಲಿ. ಏಡಿಯಲ್ಲಿ ಇದರ ಅಮೈನೋ ಆಮ್ಲಗಳ ಪೂರ್ಣ ಸರಣಿ 1982ರಲ್ಲಿ ಪ್ರಕಟವಾಯಿತು. ಆ ಏಡಿ ಸ್ಕಿಲ್ಲಾ ಸೆರಾಟಾ, ಅಂದರೆ ನಮ್ಮ ಕಾಂಡ್ಲಾ ಕೆಸರಿನಲ್ಲಿ ಬಿಲ ತೋಡುವ ದೊಡ್ಡ ಏಡಿಯ ಜಾತಿ. ಒಟ್ಟು 57–58 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು, ಅದರಲ್ಲಿ 18 ಸಿಸ್ಟೀನ್‌ಗಳು. ಪ್ರತಿ ಸಿಸ್ಟೀನ್‌ನ ತುದಿಯಲ್ಲೂ ಒಂದು ಗಂಧಕ. ಒಂಬತ್ತೊಂಬತ್ತು ಗಂಧಕಗಳು ಸೇರಿ ಮೂರು ಮೂರು ಲೋಹದ ಅಯಾನು ಹಿಡಿಯುವ ಎರಡು ಗೂಡುಗಳಾಗುತ್ತವೆ. ಅಂದರೆ ಒಂದು ಅಣುವಿಗೆ ಆರು ಕ್ಯಾಡ್ಮಿಯಂ ಅಥವಾ ಆರು ಸತು.

ಈ ಪ್ರೋಟೀನು ಬೇಕಾದಾಗ ಹೆಚ್ಚುವ ಬಗೆಯೂ ಅಚ್ಚುಕಟ್ಟು. ಸಾಮಾನ್ಯ ದಿನಗಳಲ್ಲಿ ಗೂಡಿನಲ್ಲಿ ಸತು ಕೂತಿರುತ್ತದೆ. ಕ್ಯಾಡ್ಮಿಯಂನ ಹಿಡಿತ ಸತುವಿಗಿಂತ ಬಲ, ತಾಮ್ರದ್ದು ಅದಕ್ಕಿಂತಲೂ ಬಲ. ಹೊಸ ಲೋಹ ಬಂದು ಸತುವನ್ನು ಹೊರದೂಡುತ್ತದೆ. ಹೊರಬಿದ್ದ ಸತು ಒಂದು ನಿಯಂತ್ರಕ ಪ್ರೋಟೀನಿಗೆ ಅಂಟಿ, ಅದು ಡಿಎನ್‌ಎಯಲ್ಲಿ ಮೆಟಲೋಥಯೋನಿನ್ ಜೀನಿನ ಮುಂದಿರುವ ನಿಗದಿತ ತಾಣಕ್ಕೆ ಹೋಗಿ ಕೂರುತ್ತದೆ. ಜೀನು ಚುರುಕಾಗಿ ಇನ್ನಷ್ಟು ಮೆಟಲೋಥಯೋನಿನ್ ತಯಾರಾಗುತ್ತದೆ. ಲೋಹವೇ ತನ್ನ ಬೇಡಿಯನ್ನು ತಯಾರು ಮಾಡಿಸಿಕೊಂಡಂತೆ.

ಕೆಲಸ ಇಷ್ಟಕ್ಕೇ ನಿಲ್ಲುವುದಿಲ್ಲ. ಮೆಟಲೋಥಯೋನಿನ್ ಹಳತಾದಾಗ ಲೈಸೋಸೋಮ್ ಎಂಬ ಚೀಲ ಅದನ್ನು ನುಂಗುತ್ತದೆ. ಲೈಸೋಸೋಮಿನ ಪೊರೆಯಲ್ಲಿರುವ ಪಂಪು ಎಟಿಪಿ (ಕೋಶದ ಶಕ್ತಿಯ ಅಣು) ಖರ್ಚು ಮಾಡಿ ಪ್ರೋಟಾನುಗಳನ್ನು ಒಳಗೆ ತುಂಬುತ್ತದೆ. ಆ ಪ್ರೋಟಾನು ಹೊರಹೋಗುವಾಗ ಬದಲಿಗೆ ಕೋಶದ್ರವದ ಲೋಹ ಒಳಬರುತ್ತದೆ. ಹೀಗೆ ಒಳಸೇರಿದ ಲೋಹ ಫಾಸ್ಫೇಟು, ಸಲ್ಫೇಟು ಅಥವಾ ಗಂಧಕದೊಂದಿಗೆ ಸೇರಿ ಕರಗದ ಕಣವಾಗುತ್ತದೆ. ತಾಮ್ರ ಹೆಚ್ಚಾಗಿ ಗಂಧಕದ ಕಣಗಳಲ್ಲಿ, ಕಬ್ಬಿಣ ಫೆರಿಟಿನ್‌ನ ಕಣಗಳಲ್ಲಿ, ಇನ್ನು ಕೆಲವು ಕ್ಯಾಲ್ಸಿಯಂ-ಫಾಸ್ಫೇಟಿನ ದುಂಡು ಕಣಗಳಲ್ಲಿ ಸಿಗುತ್ತವೆ. ನಳಿಕೆಯ ಉದ್ದಕ್ಕೂ ಸರಿದು ಮುಪ್ಪಾದ ಕೋಶ ಕಳಚಿ ಬಿದ್ದಾಗ ಅದರೊಳಗಿನ ಕಣಗಳು ಕರುಳಿಗೆ ಸೇರಿ ಹಿಕ್ಕೆಯೊಂದಿಗೆ ಹೊರಹೋಗುತ್ತವೆ.

ಕಾಗದದ ಮೇಲೆ ಇದು ದೋಷವಿಲ್ಲದ ವ್ಯವಸ್ಥೆ. ಸೋಲುವುದು ವೇಗದಲ್ಲಿ. ಒಳಬರುವ ವೇಗ, ಕಟ್ಟಿಡುವ ಮತ್ತು ಹೊರಹಾಕುವ ಒಟ್ಟು ವೇಗಕ್ಕಿಂತ ಹೆಚ್ಚಾದ ಗಳಿಗೆಯಿಂದ ಲೋಹ ಬೇಡದ ಕಡೆ ಅಂಟತೊಡಗುತ್ತದೆ: ಕಿಣ್ವಗಳಿಗೆ, ಮೈಟೋಕಾಂಡ್ರಿಯಕ್ಕೆ, ಡಿಎನ್‌ಎ ದುರಸ್ತಿ ಮಾಡುವ ಪ್ರೋಟೀನುಗಳಿಗೆ. ದೇಹದಲ್ಲಿ ಲೋಹ ಎಷ್ಟಿದೆ ಎನ್ನುವುದೊಂದೇ ವಿಷದ ಅಳತೆಯಾಗಲಾರದು. ಬಹಳ ಕಾಲದಿಂದ ನಿಧಾನವಾಗಿ ಕೂಡಿಟ್ಟ ಏಡಿ ತುಂಬಿದ ಗ್ರಂಥಿಯೊಂದಿಗೇ ಆರಾಮಾಗಿರಬಹುದು. ಒಂದೇ ದಿನ ಭಾರೀ ಪ್ರಮಾಣ ಎದುರಿಸಿದ ಏಡಿ ಅದರ ಹತ್ತರಲ್ಲೊಂದು ಪಾಲಿಗೇ ಸಾಯಬಹುದು. ಆರಾಮಾಗಿ ಕಾಣುವ ಏಡಿಯೂ ಬೆಲೆ ತೆರುತ್ತಿರುತ್ತದೆ. ಪಂಪಿಗೆ ಸುರಿದ ಎಟಿಪಿ, ಪ್ರೋಟೀನಿಗೆ ಹೋದ ಸಿಸ್ಟೀನ್ ಇವೆಲ್ಲ ಬೆಳವಣಿಗೆ ಮತ್ತು ಮೊಟ್ಟೆಯ ಲೆಕ್ಕದಿಂದಲೇ ಕಳೆಯಬೇಕು.

ಏಡಿ, ಶೆಟ್ಲಿಯಂಥ ಎಲ್ಲ ಕವಚಧಾರಿಗಳ ತಂತ್ರವೂ ಒಂದೇ ಅಲ್ಲ. ಬ್ರಿಟನ್ ತೀರದ ಪಲೆಮಾನ್ ಎಲೆಗಾನ್ಸ್ ಎಂಬ ಸಣ್ಣ ಶೆಟ್ಲಿಯ ಪ್ರಯೋಗಗಳಲ್ಲಿ, ನೀರಿನ ಸತು ಲೀಟರಿಗೆ ಸುಮಾರು 100 ಮೈಕ್ರೋಗ್ರಾಂ ತಲುಪುವವರೆಗೆ ದೇಹದ ಸತು ಗ್ರಾಂ ಒಣತೂಕಕ್ಕೆ 80 ಮೈಕ್ರೋಗ್ರಾಂ ಆಸುಪಾಸಿನಲ್ಲೇ ನಿಂತಿತು. ಮಿತಿ ದಾಟಿದ ಮೇಲೆ ಏರಿತು. ದೋಣಿಯ ತಳಕ್ಕೆ, ಜೆಟ್ಟಿಯ ಕಂಬಕ್ಕೆ ಅಂಟುವ ಬಾರ್ನಕಲ್ ಇದಕ್ಕೆ ತದ್ವಿರುದ್ಧ. ಅದು ಸತುವನ್ನು ಪೈರೋಫಾಸ್ಫೇಟ್ ಕಣ ಮಾಡಿ ಇಟ್ಟುಕೊಳ್ಳುತ್ತಲೇ ಹೋಗುತ್ತದೆ. ಕೊಳಕು ಬಂದರುಗಳಲ್ಲಿ ಗ್ರಾಂಗೆ ಸಾವಿರಾರು ಮೈಕ್ರೋಗ್ರಾಂ ಸಿಗುತ್ತದೆ. ಹೀಗಿರುವಾಗ ಶೆಟ್ಲಿಯ ಮಾಂಸದಲ್ಲಿ ಸತು, ತಾಮ್ರ ಅಳೆದು ನೀರಿನ ಗುಣ ಹೇಳಲು ಹೊರಡುವುದು ದಂಡ. ನೀರಿನ ಸತುವಿನ ಚರಿತ್ರೆ ಬೇಕಿದ್ದರೆ ಕೇಳಬೇಕಾದದ್ದು ಬಾರ್ನಕಲ್ಲನ್ನು. ಕ್ಯಾಡ್ಮಿಯಂ ವಿಷಯದಲ್ಲಿ ಮಾತ್ರ ಏಡಿ, ಶೆಟ್ಲಿಗಳಿಗೂ ಇಂಥ ಹತೋಟಿ ಇಲ್ಲ, ಬಂದಷ್ಟೂ ಸೇರುತ್ತದೆ.

ತಾಮ್ರದ ಲೆಕ್ಕ

ಶೇ. 1ರ ಬೋರ್ಡೋ ಎಂದರೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟು), 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತದ ತೂಕದಲ್ಲಿ ಕಾಲು ಪಾಲು ತಾಮ್ರ. ಹಾಗಾಗಿ 100 ಲೀಟರ್ ದ್ರಾವಣದಲ್ಲಿ ಸುಮಾರು 254 ಗ್ರಾಂ, ಲೀಟರಿಗೆ ಎರಡೂವರೆ ಗ್ರಾಂ. ಅಮೆರಿಕದ ಪರಿಸರ ಸಂಸ್ಥೆ ಕಡಲಜೀವಿಗಳ ದೀರ್ಘಕಾಲದ ರಕ್ಷಣೆಗೆ ಇಟ್ಟ ಮಿತಿ ಕರಗಿದ ತಾಮ್ರ ಲೀಟರಿಗೆ 3.1 ಮೈಕ್ರೋಗ್ರಾಂ. ಮಿಕ್ಕ ಒಂದೇ ಲೀಟರ್ ದ್ರಾವಣ ಪೂರ್ತಿ ಕರಗಿ ಹಳ್ಳ ಸೇರಿತು ಎಂದಿಟ್ಟುಕೊಳ್ಳಿ: ಎರಡೂವರೆ ಲಕ್ಷ ಲೀಟರ್ ನೀರಿನಲ್ಲಿ ತಾಮ್ರವನ್ನು 10 ಮೈಕ್ರೋಗ್ರಾಂನಷ್ಟು ಏರಿಸಲು ಅದು ಸಾಕು.

ಆದರೆ ಅದು ಪೂರ್ತಿ ಕರಗುವುದಿಲ್ಲ, ಇದು ಸಮಾಧಾನದ ವಿಷಯ. ಸುಣ್ಣ ಸರಿಯಾಗಿ ಬಿದ್ದ ಬೋರ್ಡೋದಲ್ಲಿ ತಾಮ್ರ ಕರಗದ ರೂಪದಲ್ಲಿರುತ್ತದೆ, ಬಿದ್ದ ಮಣ್ಣಿಗೇ ಅಂಟುತ್ತದೆ. ಸುಣ್ಣ ಕಡಿಮೆಯಾದರೆ ಬಿಡಿ ತಾಮ್ರ ಉಳಿಯುತ್ತದೆ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿದಾಗ ಕೆಂಪು ಲೇಪ ಹಿಡಿಯುವುದು ಇದಕ್ಕೇ. ಕೆಂಪು ಕಂಡರೆ ಸುಣ್ಣದ ತಿಳಿ ಸೇರಿಸಬೇಕು. ಈ ಪರೀಕ್ಷೆ ಅಡಿಕೆಯ ಎಳೆಗಾಯಿ ಸುಡದಿರಲಿ ಎಂದು ಮಾಡುವುದಾದರೂ ಹಳ್ಳದ ಏಡಿಗೂ ಅಷ್ಟೇ ಉಪಕಾರಿ. ಏಡಿಗೆ ನೇರ ಅಪಾಯ ಮರಕ್ಕೆ ಹೊಡೆದ ಔಷಧಿಗಿಂತ ಡ್ರಮ್ಮು, ಪೈಪು ತೊಳೆದು ಹಳ್ಳಕ್ಕೆ ಬಿಟ್ಟ ನೀರಿನಿಂದ. ವೇಗದ ಮಾತು ಬಂತಲ್ಲ, ಇಂಥ ಒಮ್ಮೆಲೇ ಬರುವ ಪ್ರಮಾಣಕ್ಕೆ ಆರ್-ಕೋಶಕ್ಕೆ ಮೆಟಲೋಥಯೋನಿನ್ ತಯಾರಿಸಿಕೊಳ್ಳುವಷ್ಟು ಸಮಯವೇ ಸಿಗುವುದಿಲ್ಲ. ತೊಳೆದ ನೀರನ್ನು ತೋಟದ ಮೇಲ್ಭಾಗದ ಮಣ್ಣಿಗೇ ಸುರಿಯುವುದು ಖರ್ಚಿಲ್ಲದ ಪರಿಹಾರ.

ಮಣ್ಣಿಗೆ ಅಂಟಿದ ತಾಮ್ರ ಹೂಳಿನೊಂದಿಗೆ ಇಳಿಯುತ್ತದೆ. ಕಾಳಿಯ ಹೂಳನ್ನು ಸೂಪಾದಿಂದ ಕದ್ರಾದವರೆಗಿನ ಅಣೆಕಟ್ಟುಗಳು ಬಹುಪಾಲು ತಡೆಯುತ್ತವೆ. ಅಘನಾಶಿನಿಗೆ ಅಣೆಕಟ್ಟಿಲ್ಲ. ಅದು ಶಿರಸಿ ಸೀಮೆಯಿಂದ ಹೊತ್ತು ತಂದದ್ದು ತದಡಿಯ ಅಳಿವೆಗೆ, ಗಜನಿಗೆ ಬರುತ್ತದೆ. ಹೀಗಾಗಿ ಮೊದಲು ಅಳೆಯಬೇಕಾದ ಕೆಸರು ಗಜನಿಯದು.

ಗಜನಿಯ ಮತ್ತು ಹೊಸ ಶೆಟ್ಲಿ ಹೊಂಡಗಳ ಮಾಲೀಕರಿಗೆ ಇನ್ನೊಂದು ಮಾತು. ಪಾಚಿ ಕೊಲ್ಲಲು ಮೈಲುತುತ್ತ ಹಾಕುವ ರೂಢಿ ಕೆಲವೆಡೆ ಇದೆ. ಅದರ ಪ್ರಮಾಣ ನೀರಿನ ಒಟ್ಟು ಕ್ಷಾರತೆಯ ನೂರರಲ್ಲೊಂದು ಪಾಲು ಮೀರಬಾರದು. ಕ್ಷಾರತೆ ಲೀಟರಿಗೆ 80 ಮಿಲಿಗ್ರಾಂ ಇದ್ದರೆ ಮೈಲುತುತ್ತ 0.8 ಮಿಲಿಗ್ರಾಂ. ಮಳೆಗಾಲದ ಹೊಂಡದಲ್ಲಿ ಕ್ಷಾರತೆ 50ಕ್ಕಿಂತ ಕೆಳಗಿದ್ದರೆ ಹಾಕಲೇಬಾರದು. ಮರಿಗಳಿದ್ದಾಗಲಂತೂ ಕೂಡದು: ಅವುಗಳ ಹೆಪಟೋಪ್ಯಾಂಕ್ರಿಯಾಸ್ ಇನ್ನೂ ಬೆಳೆದಿರುವುದಿಲ್ಲ, ಕಟ್ಟಿಡಲು ಜಾಗವೇ ಇಲ್ಲ. ಹ್ಯಾಚರಿಗಳಲ್ಲಿ ಕಡಲನೀರಿಗೆ ಲೀಟರಿಗೆ 5ರಿಂದ 10 ಮಿಲಿಗ್ರಾಂ ಇಡಿಟಿಎ ಎಂಬ ಲೋಹ ಹಿಡಿಯುವ ರಾಸಾಯನಿಕ ಹಾಕುವುದು ಇದೇ ಕಾರಣಕ್ಕೆ. ಮರಿ ಮಾಡಲಾಗದ ಬಂಧನವನ್ನು ಇಡಿಟಿಎ ನೀರಿನಲ್ಲೇ ಮಾಡಿಕೊಡುತ್ತದೆ.

ತಟ್ಟೆಯಲ್ಲಿ ಮತ್ತು ಪ್ರಯೋಗಾಲಯದಲ್ಲಿ

ಯುರೋಪಿನ ಒಕ್ಕೂಟ ಏಡಿ-ಶೆಟ್ಲಿಗಳ ಕಾಲು, ಕೊಂಬು (ಇಕ್ಕಳದಂಥ ಮುಂಗಾಲು), ಹೊಟ್ಟೆಭಾಗದ ಬಿಳಿ ಮಾಂಸಕ್ಕೆ ಇಟ್ಟ ಕ್ಯಾಡ್ಮಿಯಂ ಮಿತಿ ಕಿಲೋ ಹಸಿತೂಕಕ್ಕೆ 0.50 ಮಿಲಿಗ್ರಾಂ. ಏಡಿಯ ಚಿಪ್ಪಿನೊಳಗಿನ ಕಂದು-ಹಳದಿ ಭಾಗಕ್ಕೆ ಆ ಮಿತಿ ಅನ್ವಯಿಸುವುದಿಲ್ಲ. ಅಲ್ಲಿ ಕ್ಯಾಡ್ಮಿಯಂ ಹಲವು ಪಟ್ಟು ಹೆಚ್ಚಿರುತ್ತದೆ ಎಂಬುದು ತಿಳಿದ ಸಂಗತಿಯೇ. ಯುರೋಪಿನ ಆಹಾರ ಸುರಕ್ಷಾ ಸಂಸ್ಥೆ ಹೇಳುವ ವಾರದ ಸಹನೀಯ ಪ್ರಮಾಣ ದೇಹತೂಕದ ಕಿಲೋಗೆ 2.5 ಮೈಕ್ರೋಗ್ರಾಂ, 60 ಕಿಲೋ ತೂಕದವರಿಗೆ 150 ಮೈಕ್ರೋಗ್ರಾಂ. ಒಂದು ಏಡಿಯ ಹಳದಿಯಲ್ಲಿ ಕಿಲೋಗೆ 5 ಮಿಲಿಗ್ರಾಂ ಇದೆ ಎಂದುಕೊಂಡರೆ 30 ಗ್ರಾಂ ತಿಂದಾಗ ವಾರದ ಲೆಕ್ಕ ಮುಗಿಯಿತು. ಅದೇ ವ್ಯಕ್ತಿ ಮಿತಿಯ ಅಂಚಿನ ಬಿಳಿ ಮಾಂಸ ತಿಂದರೆ 300 ಗ್ರಾಂ ಬೇಕು.

ಬೇಯಿಸಿದರೆ ಹೋಗುವುದಿಲ್ಲವೇ? ಇಲ್ಲ. ಮೆಟಲೋಥಯೋನಿನ್ ಶಾಖಕ್ಕೆ ಜಗ್ಗದ ಪ್ರೋಟೀನು. ಪ್ರಯೋಗಾಲಯದಲ್ಲಿ ಅದನ್ನು ಬೇರ್ಪಡಿಸುವುದೇ ಮಾದರಿಯನ್ನು 80 ಡಿಗ್ರಿಗೂ ಮೇಲೆ ಕಾಯಿಸಿ, ಉಳಿದ ಪ್ರೋಟೀನುಗಳು ಹೆಪ್ಪುಗಟ್ಟಿದ ಮೇಲೆ. ಅದು ನೀರಿನಲ್ಲಿ ಕರಗುತ್ತದೆ. ಇಡೀ ಏಡಿಯನ್ನು ಒಡೆದು ಆಸಿಗೆ (ಸಾರಿಗೆ) ಹಾಕಿ ಕುದಿಸಿದಾಗ ಹಳದಿಯ ಕ್ಯಾಡ್ಮಿಯಂ ರಸಕ್ಕೆ ಇಳಿಯಬಹುದು, ಆ ರಸವನ್ನು ನಾವು ಅನ್ನಕ್ಕೆ ಕಲಸಿ ಉಣ್ಣುತ್ತೇವೆ. ಹಳದಿಯನ್ನು ಬಿಡುವುದಾದರೆ ಹಸಿಯಾಗಿರುವಾಗಲೇ ತೆಗೆದು ತೊಳೆಯಬೇಕು, ಬೇಯಿಸಿದ ಮೇಲಲ್ಲ. ಏಡಿಯನ್ನು ಎರಡು ದಿನ ಶುದ್ಧ ನೀರಿನಲ್ಲಿಟ್ಟರೆ ಕರುಳು ಖಾಲಿಯಾಗುತ್ತದೆ, ಗಂಧಕದ ಗೂಡಿನೊಳಗಿನ ಕ್ಯಾಡ್ಮಿಯಂ ಹಾಗೇ ಉಳಿಯುತ್ತದೆ. ಅಪರೂಪಕ್ಕೆ ತಿನ್ನುವವರು ಹೆದರಬೇಕಿಲ್ಲ. ಮಳೆಗಾಲವಿಡೀ ವಾರಕ್ಕೆರಡು ಸಲ ಏಡಿ ತಿನ್ನುವ ಮನೆಗಳಲ್ಲಿ, ಅದರಲ್ಲೂ ಗರ್ಭಿಣಿಯರಿಗೆ ಮತ್ತು ಮಕ್ಕಳಿಗೆ, ಹಳದಿ ಬಿಟ್ಟು ಮಾಂಸ ಬಡಿಸುವುದು ವಿವೇಕ.

ಪಾದರಸಕ್ಕೆ ಈ ಉಪಾಯ ನಡೆಯದು. ಕಾರವಾರದ ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆಯ ಬಳಿಯ ಕಡಲಿನಲ್ಲಿ ಪಾದರಸದ ಕುರಿತು 1990ರಲ್ಲೇ ವೈಜ್ಞಾನಿಕ ಅಧ್ಯಯನ ಪ್ರಕಟವಾಗಿದೆ. ಕಾಸ್ಟಿಕ್ ಸೋಡಾ ತಯಾರಿಸಲು ಪಾದರಸ ಬಳಸುವ ತಂತ್ರಜ್ಞಾನವನ್ನು ದೇಶದ ಇಂಥ ಕಾರ್ಖಾನೆಗಳು ಆಮೇಲೆ ಕ್ರಮೇಣ ಕೈಬಿಟ್ಟವು. ಕೆಸರಿಗೆ ಸೇರಿದ ಪಾದರಸ ಮಾತ್ರ ತಂತ್ರಜ್ಞಾನದ ಜೊತೆ ಹೋಗುವುದಿಲ್ಲ. ಆಮ್ಲಜನಕವಿಲ್ಲದ ಕೆಸರಿನ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿಸುತ್ತವೆ. ಅದು ಸ್ನಾಯುವಿನ ಪ್ರೋಟೀನುಗಳ ಸಿಸ್ಟೀನ್‌ಗೆ ಅಂಟುತ್ತದೆ, ಅಂದರೆ ನಾವು ಸುರಕ್ಷಿತ ಎಂದುಕೊಂಡ ಬಿಳಿ ಮಾಂಸಕ್ಕೇ. ಕ್ಯಾಡ್ಮಿಯಂಗೆ ಹಳದಿ ಗ್ರಂಥಿಯನ್ನೂ ಪಾದರಸಕ್ಕೆ ಕೊಂಬಿನ ಮಾಂಸವನ್ನೂ ಬೇರೆ ಬೇರೆಯಾಗಿ ಅಳೆಯದ ಪರೀಕ್ಷೆಯಿಂದ ಪ್ರಯೋಜನವಿಲ್ಲ.

ವರದಿಗಳನ್ನು ಓದುವಾಗ ಪದೇ ಪದೇ ಆಗುವ ಎಡವಟ್ಟು ತೂಕದ್ದು. ಸಂಶೋಧನೆಗಳು ಹೆಚ್ಚಾಗಿ ಒಣತೂಕದಲ್ಲಿ ಲೆಕ್ಕ ಕೊಡುತ್ತವೆ, ಆಹಾರದ ಮಿತಿ ಹಸಿತೂಕದ್ದು. ಮಾಂಸದಲ್ಲಿ ಶೇ. 75–80 ನೀರು. ಒಣತೂಕದ ಕಿಲೋಗೆ 2 ಮಿಲಿಗ್ರಾಂ ಕ್ಯಾಡ್ಮಿಯಂ ಎಂದರೆ ಹಸಿತೂಕದ 0.4ರಿಂದ 0.5, ಇದನ್ನು ಗಮನಿಸದೆ ‘ಮಿತಿಗಿಂತ ನಾಲ್ಕು ಪಟ್ಟು’ ಎಂಬ ಸುದ್ದಿ ಹುಟ್ಟಿ ಮೀನು ಮಾರುವ ಹೆಂಗಸರ ಒಂದು ವಾರದ ವ್ಯಾಪಾರ ಮುಳುಗಿಸಬಹುದು. ಆರ್ಸೆನಿಕ್ ಕೂಡ ಹೀಗೆಯೇ: ಏಡಿ, ಶೆಟ್ಲಿಗಳಲ್ಲಿ ಒಟ್ಟು ಆರ್ಸೆನಿಕ್ ಹೆಚ್ಚಿದ್ದರೂ ಬಹುಪಾಲು ಆರ್ಸೆನೋಬೀಟೈನ್ ರೂಪದ್ದು, ವಿಷವಲ್ಲದ್ದು. ಇನ್ನೊಂದು ಸೂಕ್ಷ್ಮವೆಂದರೆ ಗ್ರಂಥಿಯ ಗಾತ್ರ. ಚಿಪ್ಪು ಕಳಚುವಾಗ, ಉಪವಾಸವಿದ್ದಾಗ ಕೊಬ್ಬು ಕರಗಿ ಗ್ರಂಥಿ ಕುಗ್ಗುತ್ತದೆ. ಹೊಸದಾಗಿ ಒಂದು ಕಣವೂ ಸೇರದೆ ಗ್ರಾಂ ಲೆಕ್ಕದ ಕ್ಯಾಡ್ಮಿಯಂ ಏರಿದಂತೆ ಕಾಣುತ್ತದೆ. ಇಡೀ ಗ್ರಂಥಿಯ ತೂಕವನ್ನೂ ಅದರಲ್ಲಿರುವ ಒಟ್ಟು ಲೋಹವನ್ನೂ ಬರೆದಿಟ್ಟರೆ ಈ ಮೋಸ ತಪ್ಪುತ್ತದೆ.

ಕೋಡಿಬಾಗದಲ್ಲಿ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ, ಕಾರವಾರದಲ್ಲೇ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ. ಇವುಗಳ ಕೈಗೆಟುಕುವ ಒಂದು ಕೆಲಸವಿದೆ. ಮೇ ಕೊನೆಯಲ್ಲಿ ಒಮ್ಮೆ, ಆಗಸ್ಟ್ ಮೊದಲಲ್ಲಿ ಒಮ್ಮೆ, ಪ್ರತಿ ವರ್ಷ ಅದೇ ಜಾಗಗಳಿಂದ, ಗಟ್ಟಿಚಿಪ್ಪಿನ, ಒಂದೇ ಗಾತ್ರದ ಗಂಡೇಡಿಗಳನ್ನು ಹಿಡಿಯುವುದು; ಹಳದಿ, ಕೊಂಬಿನ ಮಾಂಸ, ಕಿವಿರುಗಳನ್ನು ಬೇರೆಬೇರೆಯಾಗಿ ಅಳೆಯುವುದು; ಹಿಡಿದ ದಿನದ ನೀರಿನ ಲವಣಾಂಶವನ್ನೂ ಕೆಸರಿನ ತಾಮ್ರವನ್ನೂ ಪಕ್ಕದಲ್ಲೇ ಬರೆಯುವುದು; ಹಸಿತೂಕ, ಒಣತೂಕ ಎರಡರಲ್ಲೂ ಲೆಕ್ಕ ಕೊಟ್ಟು ಕನ್ನಡದಲ್ಲಿ ಪ್ರಕಟಿಸುವುದು. ಮಾದರಿ ಹಿಡಿಯುವ ಜಾಗಗಳಲ್ಲಿ ಕಾಳಿಯ ಅಳಿವೆಯೂ ಬಿಣಗಾದ ಕಡಲಂಚೂ ಇರಬೇಕು, ಅಘನಾಶಿನಿಯ ಗಜನಿಯೂ ಇರಬೇಕು, ಜೊತೆಗೆ ಘಟ್ಟದ ಮೇಲಿನ ತೋಟದ ಹಳ್ಳವೂ ಒಂದಿರಬೇಕು.